ಮುಂದೆ ಒದ್ದೆ, ತೂತು ಹಿಂದೆ: ಒಂದು ಕಾರಿನ ಸೋರಿಕೆ ಪ್ರಕರಣ

ಮೇ ತಿಂಗಳ ಎರಡನೇ ವಾರ. ದಾವಣಗೆರೆಯಲ್ಲಿ ಆ ಹೊತ್ತಿಗೆ ಮಧ್ಯಾಹ್ನ ಬೀದಿಗೆ ಇಳಿಯಲಾಗದು, ಸಂಜೆಗೆ ಮೋಡ ಕಟ್ಟಿ ಗುಡುಗುತ್ತದೆ, ಮಳೆ ಬಂದರೆ ಬಂತು, ಬಾರದಿದ್ದರೆ ಸೆಕೆ ಇನ್ನಷ್ಟು. ಪಿ.ಬಿ. ರಸ್ತೆಯಲ್ಲಿ ಎಸಿ ಹಾಕಿಕೊಂಡು ಬರುತ್ತಿದ್ದೆವು. ಎಡಗಡೆ ಕೂತಿದ್ದ ಹೆಂಡತಿ ಚಪ್ಪಲಿ ಕಳಚಿ ಕಾಲನ್ನು ಮ್ಯಾಟ್ ಮೇಲಿಟ್ಟವಳು ತಟ್ಟನೆ ಎತ್ತಿಕೊಂಡಳು.

"ಇಲ್ಲಿ ಯಾರು ನೀರು ಚೆಲ್ಲಿದ್ದು?"

ಬಾಟಲಿ ಸೋರಿರಬೇಕು ಬಿಡು ಎಂದೆ. ಆ 'ಬಿಡು' ನಾಲ್ಕು ತಿಂಗಳು ನಡೆಯಿತು.

ಕಾರು 2020ರ ಮಾಡೆಲ್ ಹ್ಯಾಚ್‌ಬ್ಯಾಕ್, ಪೆಟ್ರೋಲ್, ಓಡಿದ್ದು 48,000 ಕಿಲೋಮೀಟರ್ ಚಿಲ್ಲರೆ. ಸನ್‌ರೂಫ್ ಇಲ್ಲ, ಹಾಗಾಗಿ ಸೋರಿಕೆಯ ದೊಡ್ಡ ಕಳ್ಳನೊಬ್ಬ ಮೊದಲೇ ಪಟ್ಟಿಯಿಂದ ಹೊರಗೆ. ಮನೆ ನಿಟ್ಟುವಳ್ಳಿಯಲ್ಲಿ. ಬೀದಿಗೆ ಡಾಂಬರಿನ ಮೇಲೆ ಡಾಂಬರು ಸುರಿದು ಸುರಿದು ರಸ್ತೆ ಎತ್ತರವಾಗಿದೆ, ನಮ್ಮ ಅಂಗಳ ತಗ್ಗಿಗೆ ಬಿದ್ದಿದೆ. ಕಾರನ್ನು ಮೂಗು ಮುಂದಾಗಿ ಇಳಿಸಿ ನಿಲ್ಲಿಸುತ್ತೇನೆ. ಪೋರ್ಟಿಕೋ ಚಿಕ್ಕದು. ಮುಂಭಾಗ ಸೂರಿನ ಕೆಳಗೆ, ಹಿಂಭಾಗ ಬಯಲಿಗೆ. ಈ ಎರಡು ಸಂಗತಿ ನೆನಪಿರಲಿ. ನನಗೆ ಇರಲಿಲ್ಲ.

ಬಾಟಲಿಯಲ್ಲ ಎಂದು ಎರಡೇ ದಿನಕ್ಕೆ ಗೊತ್ತಾಯಿತು. ಮ್ಯಾಟ್ ಒಣಗಿಸಿ ಹಾಕಿದರೆ ಸಂಜೆಗೆ ಮತ್ತೆ ಒದ್ದೆ. ಮಳೆ ಬಿದ್ದಿರಲಿಲ್ಲ. ನೀರು ತಿಳಿ, ಬಣ್ಣವಿಲ್ಲ, ಅಂಟಿಲ್ಲ, ವಾಸನೆಯಿಲ್ಲ. ಇದನ್ನು ಮೊದಲು ನೋಡಿಕೊಳ್ಳಬೇಕು, ಯಾಕೆಂದರೆ ಅದೇ ಜಾಗದಲ್ಲಿ ಡ್ಯಾಶ್‌ಬೋರ್ಡ್ ಒಳಗೆ ಹೀಟರಿನ ಪುಟ್ಟ ರೇಡಿಯೇಟರೂ ಇರುತ್ತದೆ. ಅದು ಸೋರಿದರೆ ಬರುವುದು ಕೂಲಂಟ್: ಹಸಿರೋ ಕೆಂಪೋ ಬಣ್ಣ, ಬೆರಳಿಗೆ ಜಿಗುಟು, ಸಿಹಿ ವಾಸನೆ, ಮುಂದಿನ ಗಾಜಿನ ಒಳಮೈಗೆ ಎಣ್ಣೆ ಸವರಿದಂಥ ಮಂಜು. ಬಾನೆಟ್ ಎತ್ತಿ ಕೂಲಂಟ್ ಡಬ್ಬಿಯ ಮಟ್ಟ ನೋಡಿದರೂ ತಿಳಿಯುತ್ತದೆ. ನಾಲಿಗೆಗೆ ಹಚ್ಚಿ ಪರೀಕ್ಷೆ ಮಾಡುವವರನ್ನು ನೋಡಿದ್ದೇನೆ. ಬೇಡ, ಅದು ವಿಷ. ನನ್ನ ಡಬ್ಬಿಯಲ್ಲಿ ಮಟ್ಟ ಇಳಿದಿರಲಿಲ್ಲ.

ಇನ್ನೊಂದು ಸುಳಿವು ಕಿವಿಗೆ ಬಿದ್ದಿತ್ತು. ಎಡಕ್ಕೆ ತಿರುಗಿದಾಗಲೆಲ್ಲ ಡ್ಯಾಶ್‌ಬೋರ್ಡ್ ಒಳಗಿಂದ ಗುಳುಗುಳು ಸದ್ದು, ಅರ್ಧ ತುಂಬಿದ ಕೊಡ ಹೊತ್ತವರು ನಡೆದಂತೆ. ಎಸಿ ಗಾಳಿಯನ್ನು ತಣ್ಣಗೆ ಮಾಡುವಾಗ ಅದರ ತೇವ ನೀರಾಗಿ ಒಳಗಿನ ಕಾಯಿಲ್ ಮೇಲೆ ಇಳಿಯುತ್ತದೆ. ಆ ನೀರು ಒಂದು ರಬ್ಬರ್ ಪೈಪಿನಲ್ಲಿ ಕಾರಿನಡಿಗೆ ತೊಟ್ಟಿಕ್ಕಬೇಕು. ಎಸಿ ಹಾಕಿ ನಿಲ್ಲಿಸಿದ ಕಾರಿನ ಕೆಳಗೆ ನೀರು ಕಂಡು ಗಾಬರಿಯಾಗುವವರಿದ್ದಾರೆ. ಗಾಬರಿಯಾಗಬೇಕಾದ್ದು ಕಾಣದಿದ್ದಾಗ. ನಮ್ಮ ಅಂಗಳದ ಕಲ್ಲು ಆ ಬೇಸಿಗೆಯಿಡೀ ಒಣಗಿಯೇ ಇತ್ತು, ನಾನು ಗಮನಿಸಿರಲಿಲ್ಲ.

ಗ್ಯಾರೇಜಿನ ಹುಡುಗ ಕಾರಿನಡಿ ಮಲಗಿ ಪೈಪಿನ ಬಾಯಿಗೆ ಉದ್ದನೆಯ ಕೇಬಲ್ ಟೈ ತೂರಿಸಿ ತಿರುವಿದ. ಮೊದಲು ಮಣ್ಣು ಉದುರಿತು, ಹಿಂದೆಯೇ ಒಂದು ಚೊಂಬು ನೀರು ಅವನ ಮುಖಕ್ಕೇ. ಬೈದುಕೊಂಡು ಎದ್ದು ಅಂಗೈ ಚಾಚಿದ. ಬೂದು ಬಣ್ಣದ ಗಟ್ಟಿ ಮಣ್ಣಿನ ಚೂರುಗಳು, ಅದರೊಳಗೆ ಒಣಗಿ ಮುದುರಿದ ಪುಟ್ಟ ಜೇಡಗಳು, ಐದೋ ಆರೋ. ಕಡಜ ಗೂಡು ಕಟ್ಟಿತ್ತು. ಮರಿಗೆ ಊಟವೆಂದು ಜೇಡಗಳನ್ನು ಕುಟುಕಿ ಜೀವಂತ ಮಂಪರಿನಲ್ಲಿ ಒಳಗೆ ತುಂಬಿ ಬಾಯಿಗೆ ಮಣ್ಣು ಮೆತ್ತುವ ಜಾತಿ ಅದು. ಬಾಗಿಲ ಚೌಕಟ್ಟಿನ ಮೂಲೆಯಲ್ಲೋ ಸ್ವಿಚ್ ಬೋರ್ಡಿನ ತೂತಿನಲ್ಲೋ ಇಂಥ ಗೂಡು ಎಲ್ಲರೂ ನೋಡಿರುತ್ತೀರಿ. ನನ್ನ ಕಾರಿನ ಪೈಪು ಅದಕ್ಕೆ ಹೇಳಿ ಮಾಡಿಸಿದ ಅಳತೆ.

400 ರೂಪಾಯಿ ಕೊಟ್ಟು ಬಂದೆ. ಅಂಗಳದ ಕಲ್ಲು ಒದ್ದೆಯಾಗತೊಡಗಿತು. ಕುತೂಹಲಕ್ಕೆ ಒಂದು ದಿನ ಪೈಪಿನ ಕೆಳಗೆ ಪಾತ್ರೆಯಿಟ್ಟು ಅರ್ಧ ಗಂಟೆ ಎಸಿ ಓಡಿಸಿದೆ, ದೊಡ್ಡ ಲೋಟದ ತುಂಬ ನೀರು. ಇಷ್ಟೂ ನೀರು ದಿನಾ ಕಾರ್ಪೆಟ್ಟಿಗೆ ಹೋಗುತ್ತಿತ್ತು. ರೋಗ ಸಿಕ್ಕಿತು, ಮದ್ದಾಯಿತು, ಕಥೆ ಮುಗಿಯಿತು ಅಂದುಕೊಂಡೆ. ಮೇಲಿನ ಕಾರ್ಪೆಟ್ಟನ್ನು ಹಳೇ ಟವೆಲಿನಿಂದ ಒತ್ತಿ ಒರೆಸಿ, ಎರಡು ದಿನ ಬಾಗಿಲು ತೆರೆದಿಟ್ಟೆ. ಕೈಗೆ ಒಣಗಿದಂತೆ ಸಿಕ್ಕಿತು.

ನನ್ನ ದೊಡ್ಡ ತಪ್ಪು ಇದೇ. ನಿಜವಾದ ಒಂದು ಕಾರಣ ಸಿಕ್ಕಿದ್ದರಿಂದ ಇನ್ನೊಂದನ್ನು ಹುಡುಕುವ ಮನಸ್ಸೇ ಬರಲಿಲ್ಲ. ಸುಳ್ಳು ಕಾರಣ ಸಿಕ್ಕಿದ್ದರೆ ವಾರದಲ್ಲಿ ಬಯಲಾಗುತ್ತಿತ್ತು.

ಜುಲೈನಲ್ಲಿ ಪುನರ್ವಸು ಮಳೆ ಹಿಡಿಯಿತು. ನಮ್ಮ ಕಡೆ ಜುಲೈ ಮಳೆ ಧೋ ಎಂದು ಸುರಿಯುವುದು ಕಡಿಮೆ, ದಿನವಿಡೀ ಜಿಟಿಜಿಟಿ. ಬೆಳಿಗ್ಗೆ ಬಾಗಿಲು ತೆಗೆದರೆ ಮುಗ್ಗಲು ವಾಸನೆ, ನೆನೆದ ಗೋಣಿಚೀಲದ್ದು. ಗಾಜುಗಳ ಒಳಮೈಯೆಲ್ಲ ಬೆವರು. ಹಗಲು ಕಾರು ಕಾದಾಗ ನೆಲದ ತೇವ ಆವಿಯಾಗಿ ಏಳುತ್ತದೆ, ರಾತ್ರಿ ಗಾಜು ತಣ್ಣಗಾದಾಗ ಅದಕ್ಕೆ ಹೋಗಿ ಕೂರುತ್ತದೆ. ಹೊರಗಿನಿಂದ ಒರೆಸಿದರೆ ಹೋಗದ ಮಂಜು ಇದು. ಕಾರ್ಪೆಟ್ ಮುಟ್ಟಿದರೆ ಮತ್ತೆ ಅದೇ ಜಾಗ, ಮುಂದಿನ ಎಡಭಾಗ, ಹಸಿ. ಎಸಿಯಂತೂ ತಿಂಗಳಿಂದ ಹಾಕಿರಲಿಲ್ಲ.

ಎರಡನೇ ಗ್ಯಾರೇಜಿನವರು ನೋಡಿದ್ದು ಐದು ನಿಮಿಷ. "ಗ್ಲಾಸಿನ ಬೀಡಿಂಗ್ ಹೋಗೇತಿ ಸಾರ್, ಅಲ್ಲಿಂದ ಇಳೀತೈತಿ." ಬೀಡಿಂಗ್ ಎಂದರೆ ಅಂಚಿಗೆ ಕೂರಿಸಿದ ರಬ್ಬರ್ ಪಟ್ಟಿ. ಮುಂದಿನ ಗಾಜಿನ ಸುತ್ತ ಕಪ್ಪು ಸಿಲಿಕೋನ್ ಎಳೆದು 1,200 ರೂಪಾಯಿ ತೆಗೆದುಕೊಂಡರು. ಕಾರೆಲ್ಲ ಎರಡು ದಿನ ವಿನೆಗರ್ ವಾಸನೆ. ಆ ವಾಸನೆಯ ಅರ್ಥ ನನಗೆ ಆಮೇಲೆ ತಿಳಿಯಿತು: ಅಗ್ಗದ ಸಿಲಿಕೋನ್ ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ಬಣ್ಣ ಹಾರಿದ ತಗಡಿದ್ದರೆ ಅದಕ್ಕೆ ತುಕ್ಕು ಹಿಡಿಸುತ್ತದೆ. ಮುಂದಿನ ಗಾಜನ್ನು ಕಾರಿಗೆ ಅಂಟಿಸುವುದು ಯುರೇಥೇನ್ ಅಂಟಿನಿಂದ, ಮತ್ತು ಸಿಲಿಕೋನ್ ಮೆತ್ತಿದ ಜಾಗಕ್ಕೆ ಆ ಅಂಟು ಮುಂದೆ ಹಿಡಿಯುವುದಿಲ್ಲ. ಅಂದರೆ ನಾಳೆ ನಿಜವಾಗಿ ಗಾಜು ಬದಲಿಸಬೇಕಾದರೆ ಮೊದಲು ಇದನ್ನು ಕೆರೆಯಬೇಕು. ಸೋರುವ ಜಾಗ ಕಣ್ಣಾರೆ ಕಾಣುವ ಮೊದಲು ಸಿಲಿಕೋನ್ ಟ್ಯೂಬ್ ಕೈಗೆತ್ತಿಕೊಂಡವರಿಗೆ ಕಾರು ಕೊಡಬಾರದು ಎಂಬುದು ಈಗ ನನ್ನ ಖಡಾಖಂಡಿತ ಅಭಿಪ್ರಾಯ.

ಸಿಲಿಕೋನ್ ಆದ ವಾರಕ್ಕೆ ಹೊಸ ಕಾಟ. ಪಕ್ಕದ ಸೀಟು ಖಾಲಿ, ಆದರೂ ಬೆಲ್ಟ್ ಹಾಕಿ ಎಂದು ಕಾರು ಕುಂಯ್‌ಗುಡುತ್ತದೆ. 2019ರ ಜುಲೈ 1ರಿಂದ ಮುಂದಿನ ಎರಡೂ ಸೀಟಿಗೆ ಬೆಲ್ಟ್ ಎಚ್ಚರಿಕೆ ಕಡ್ಡಾಯವಾಯಿತಲ್ಲ, ಅದರ ಸೆನ್ಸರ್ ವೈರು ಸೀಟಿನಡಿಯಲ್ಲೇ ಹೋಗುತ್ತದೆ. ಆಟೋ ಎಲೆಕ್ಟ್ರಿಷಿಯನ್ ಒಬ್ಬರು ಬ್ಯಾಟರಿಯ ಮೈನಸ್ ಕಳಚಿ, ಹತ್ತು ನಿಮಿಷ ಕಾದು, ಸೀಟಿನಡಿಯ ಕನೆಕ್ಟರ್ ಬಿಚ್ಚಿದರು. ಕಾದದ್ದು ಯಾಕೆಂದರೆ ಸೀಟಿನ ಸುತ್ತಮುತ್ತ ಹಳದಿ ಕನೆಕ್ಟರ್ ಇದ್ದರೆ ಅದು ಏರ್‌ಬ್ಯಾಗ್ ಸಾಲಿನದು, ಕರೆಂಟ್ ಇರುವಾಗ ಮುಟ್ಟಬಾರದು. ಪಿನ್ನುಗಳ ಮೇಲೆ ಹಸಿರು ಕಿಲುಬು, ಹುಣಸೆಹಣ್ಣು ಕಾಣದ ತಾಮ್ರದ ಚೊಂಬಿನಂತೆ. ಅದನ್ನು ಉಜ್ಜಿ ಸ್ಪ್ರೇ ಹೊಡೆದರು. ಆಮೇಲೆ ಯಾರೂ ಮಾಡದ ಕೆಲಸ ಮಾಡಿದರು. ಬಾಗಿಲ ಅಡಿಯ ಪ್ಲಾಸ್ಟಿಕ್ ಪಟ್ಟಿ ಎಬ್ಬಿಸಿ, ಕಾರ್ಪೆಟ್ ಎತ್ತಿ, ಕೆಳಗೆ ಕೈ ತೂರಿಸಿದರು.

"ಮ್ಯಾಲೆ ಒಣಗೇತಿ ಸಾರ್. ಕೆಳಗ ಕೈ ಹಾಕಿ ನೋಡ್ರಿ."

ಮೊಣಕೈವರೆಗೆ ತೋಳು ಇಳಿಬಿಟ್ಟೆ. ಒತ್ತಿದ ಕಡೆಯೆಲ್ಲ ಬೆರಳ ಸಂದಿಯಿಂದ ತಣ್ಣನೆ ನೀರು ಉಕ್ಕಿತು. ಕಾರ್ಪೆಟ್ಟಿನಡಿ ಎರಡು ಬೆರಳು ದಪ್ಪದ ಫೆಲ್ಟಿನ (ನಾರು ಒತ್ತಿ ಮಾಡಿದ ಬಟ್ಟೆಯ) ಅಡಿಹಾಸು, ಅದು ಪೂರ್ತಿ ನೀರು ಕುಡಿದು ಕೂತಿತ್ತು.

ಈಗ ನಾನೇ ಹುಡುಕತೊಡಗಿದೆ. ಮೊದಲ ಅನುಮಾನ ವೈಪರ್ ಕೆಳಗಿನ ತೊಟ್ಟಿಯ ಮೇಲೆ. ಗಾಜಿನಿಂದ ಇಳಿದ ನೀರು ಅಲ್ಲಿ ಸೇರಿ ಎರಡೂ ಪಕ್ಕದ ತೂತುಗಳಿಂದ ಚಕ್ರದ ಹಿಂದೆ ಹೊರಬೀಳಬೇಕು. ತೂತು ಮುಚ್ಚಿದರೆ ತೊಟ್ಟಿ ತುಂಬಿ, ಬ್ಲೋವರ್ ಗಾಳಿ ಎಳೆಯುವ ಕಿಂಡಿಯಿಂದ ನೀರು ಒಳಕ್ಕೆ, ಅದೂ ಎಡಗಡೆ ಕೂತವರು ಕಾಲಿಡುವ ಜಾಗಕ್ಕೇ. ಕೆಲಸಕ್ಕೆ ಹೋದಾಗ ಕಾರು ನಿಲ್ಲಿಸುವುದು ಹೊಂಗೆಮರದ ಕೆಳಗೆ. ಜಾಲರಿ ತೆಗೆದರೆ ಏಪ್ರಿಲ್‌ನ ಹೊಂಗೆ ಹೂವೆಲ್ಲ ಕೊಳೆತು ಕಪ್ಪು ಗೊಬ್ಬರವಾಗಿತ್ತು, ಎರಡು ಬೊಗಸೆ. ಸಿಕ್ಕೇಬಿಟ್ಟ ಅಂದುಕೊಂಡು ಒಂದು ಬಕೆಟ್ ನೀರು ನಿಧಾನಕ್ಕೆ ಸುರಿದೆ. ಎರಡೂ ಕಡೆ ಸರಾಗವಾಗಿ ಹೊರಗೆ ಹೋಯಿತು. ಗೊಬ್ಬರ ತೆಗೆಯುವ ಮೊದಲೇ ನೀರು ಸುರಿದು ನೋಡಬೇಕಿತ್ತು. ಸಾಕ್ಷಿ ಗುಡಿಸಿ ಆಮೇಲೆ ಪಂಚನಾಮೆ ಮಾಡಿದಂತಾಯಿತು. ಹಾಗಾಗಿ ಆಗ ಏನೂ ಖಚಿತವಾಗಲಿಲ್ಲ. ಆ ಕಿಂಡಿಯಿಂದ ಬರುವ ಗಾಳಿಯನ್ನು ಸೋಸುವ ಕ್ಯಾಬಿನ್ ಫಿಲ್ಟರ್ ತೆಗೆದು ನೋಡಿದೆ, ಧೂಳು ಮೆತ್ತಿತ್ತು, ಆದರೆ ನೀರು ನಿಂತ ಕಲೆಯಿರಲಿಲ್ಲ. ಅದು ತೊಟ್ಟಿ ನಿರಪರಾಧಿ ಎನ್ನುವ ಸಾಕ್ಷಿ.

ಗಂಟು ಬಿಚ್ಚಿದ್ದು ಗಣೇಶನ ಹಬ್ಬಕ್ಕೆ ಊರಿಗೆ ಹೋದಾಗ. ನಮ್ಮೂರು ಹೊಳಲ್ಕೆರೆ ಕಡೆ. 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆಯಾದ ಮೇಲೆ ನಾನು ಒಂದು ಜಿಲ್ಲೆಯವನು, ನಮ್ಮ ಹೊಲಮನೆ ಇನ್ನೊಂದು ಜಿಲ್ಲೆಯದು. ಅಲ್ಲಿ ಮನೆಯ ಮುಂದೆ ಏರು. ಕಾರಿನ ಮೂಗು ಮೇಲಾಗಿ ನಿಂತಿತ್ತು. ರಾತ್ರಿಯೆಲ್ಲ ಮಳೆ. ಬೆಳಿಗ್ಗೆ ದೊಡ್ಡಮ್ಮನನ್ನು ಗುಡಿಗೆ ಕರೆದೊಯ್ಯಲು ಹಿಂದಿನ ಬಾಗಿಲು ತೆಗೆದೆ. ಎಡಗಾಲಿಟ್ಟವರು ಸೀರೆ ನೆರಿಗೆ ಎತ್ತಿಕೊಂಡು ನಿಂತರು.

"ಏನ್ಲಾ, ಕಾರೊಳಗೇ ಭೀಮಸಮುದ್ರದ ಕೆರೆ ಕಟ್ಟಿಸಿದೀಯಾ?"

ಹಿಂದಿನ ಎಡಭಾಗದಲ್ಲಿ ನೀರು ಮಡುಗಟ್ಟಿತ್ತು. ಮುಂದೆ, ತಿಂಗಳುಗಟ್ಟಲೆ ಒದ್ದೆಯಾಗಿದ್ದ ಜಾಗದಲ್ಲಿ, ಹೊಸ ನೀರಿಲ್ಲ. ಸುಮ್ಮನೆ ನಿಂತು ನೋಡಿದೆ. ನೀರು ಇಳಿಜಾರಿಗೆ ಹರಿಯುತ್ತದೆ ಎಂಬುದನ್ನು ಹೊಲದಲ್ಲಿ ಹುಟ್ಟಿ ಬೆಳೆದವನಿಗೆ ಕಾರು ಹೇಳಿಕೊಡಬೇಕಾಯಿತು. ದಾವಣಗೆರೆಯಲ್ಲಿ ಮೂಗು ತಗ್ಗಿಗೆ, ಹಾಗಾಗಿ ಹಿಂದೆ ಬಿದ್ದ ನೀರು ಬಾಗಿಲ ಹೊಸ್ತಿಲಗುಂಟ ವೈರು ಹಾಯುವ ಸಂದಿಯಲ್ಲಿ ಮುಂದಕ್ಕೆ ಹರಿದು ಮುಂದಿನ ಗುಂಡಿಯಲ್ಲಿ ನಿಲ್ಲುತ್ತಿತ್ತು. ಊರಿನಲ್ಲಿ ಮೂಗು ಮೇಲೆ, ಬಿದ್ದಲ್ಲೇ ನಿಂತಿತು.

ಮನೆಗೆ ಬಂದು ಇದನ್ನು ಹೇಳುತ್ತಿದ್ದರೆ ಅಪ್ಪ ಪೋರ್ಟಿಕೋ ಕಡೆ ಕೈ ತೋರಿಸಿದರು. "ಮುಂದಿನ ಗ್ಲಾಸಿಗೆ ಇಲ್ಲಿ ಮಳೆಯೇ ಬೀಳಂಗಿಲ್ಲ. ಅದಕ್ಕೆ 1,200 ಕೊಟ್ಯಲ್ಲ?" ಹೌದು. ರಾತ್ರಿ ನಿಂತ ಕಾರು ಬೆಳಿಗ್ಗೆ ಹೆಚ್ಚು ಒದ್ದೆಯಿರುತ್ತಿತ್ತು, ಮತ್ತು ರಾತ್ರಿ ಮಳೆ ಬೀಳುತ್ತಿದ್ದದ್ದು ಹಿಂದಿನ ಅರ್ಧಕ್ಕೆ ಮಾತ್ರ. ವೈಪರ್ ತೊಟ್ಟಿಯ ಮೇಲಿನ ಅನುಮಾನವೂ ಅಲ್ಲಿಗೆ ಬಿತ್ತು. ಎಲ್ಲಿ ಒದ್ದೆ ಎಂದು ಎಲ್ಲರೂ ನೋಡಿದೆವು, ಯಾವಾಗ ಒದ್ದೆ ಎಂದು ಯಾರೂ ಕೇಳಲಿಲ್ಲ.

ಭಾನುವಾರ ಬೆಳಿಗ್ಗೆ ಪರೀಕ್ಷೆ. ಕಾರನ್ನು ಬೀದಿಯ ಸಮತಟ್ಟಿನಲ್ಲಿ ನಿಲ್ಲಿಸಿ ಹಿಂದಿನ ಎಡಬಾಗಿಲ ಹೊಸ್ತಿಲಿನ ಪಟ್ಟಿ ತೆಗೆದು ಬಟ್ಟೆಯಿಂದ ಒಣಗಿಸಿದೆ. ಟಾಲ್ಕಂ ಪೌಡರ್ ಉದುರಿಸಿ ನೀರಿನ ಜಾಡು ಹಿಡಿಯುತ್ತಾರೆ ಎಂದು ಎಲೆಕ್ಟ್ರಿಷಿಯನ್ ಹೇಳಿದ್ದರು. ಮನೆಯಲ್ಲಿ ಪೌಡರ್ ಮುಗಿದಿತ್ತು. ಅಪ್ಪ ದೇವರ ಮನೆಯಿಂದ ವಿಭೂತಿ ಗಟ್ಟಿ ತಂದರು. ಕಡುಬೂದು ಬಣ್ಣದ ತಗಡಿನ ಮೇಲೆ, ಬಾಗಿಲ ಒಳಹಲಗೆಯ ಕೆಳ ಅಂಚಿನ ಮೇಲೆ, ಹಣೆಗೆ ಹಚ್ಚುವಷ್ಟೇ ಶ್ರದ್ಧೆಯಿಂದ ಉಜ್ಜಿದೆವು. ಬೆಳ್ಳಗೆ, ನುಣ್ಣಗೆ, ಒಂದು ಹನಿ ಬಿದ್ದರೂ ಕಾಣುವಂತೆ.

ಅಕ್ಕನ ಮಗ ಟಾರ್ಚ್ ಹಿಡಿದು ಒಳಗೆ ಕೂತ, ಗಾಜು ಮುಚ್ಚಿದೆವು. ಪೈಪಿನ ನೀರನ್ನು ಜೋರಾಗಿ ಹೊಡೆಯಬಾರದು, ಮಳೆ ಹಾಗೆ ಬೀಳುವುದಿಲ್ಲ, ಜೋರು ನೀರು ಸೋರದ ಕಡೆಯೂ ನುಗ್ಗುತ್ತದೆ. ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಮೊದಲೇ ಚಾವಣಿಗೆ ಬಿಟ್ಟರೆ ಎಲ್ಲ ಕಡೆ ಇಳಿದು ಯಾವುದು ಎಲ್ಲಿಂದ ಎಂದೇ ತಿಳಿಯುವುದಿಲ್ಲ. ಹೊಸ್ತಿಲಿನ ಹೊರಗೆ ಐದು ನಿಮಿಷ: ಏನಿಲ್ಲ. ಬಾಗಿಲ ಕೆಳಭಾಗ, ಐದು ನಿಮಿಷ: ಏನಿಲ್ಲ. ಗಾಜಿನ ಮೇಲೆ ಸುಮ್ಮನೆ ಹರಿಯಬಿಟ್ಟೆ. ಮೂರು ನಿಮಿಷ, ನಾಲ್ಕು.

"ಮಾಮಾ, ಬಂತು!"

ಬಾಗಿಲ ಒಳಹಲಗೆಯ ಕೆಳಮೂಲೆ, ಸ್ಪೀಕರ್ ಜಾಲರಿಯ ನೇರಕ್ಕೆ. ವಿಭೂತಿಯ ಬಿಳುಪನ್ನು ಸೀಳಿಕೊಂಡು ಒಂದು ಕಪ್ಪು ಗೆರೆ, ಬೆರಳಿನಿಂದ ಎಳೆದಂತೆ. ತುದಿಯಲ್ಲಿ ಹನಿ ದಪ್ಪವಾಗಿ ತೂಗಿ ಬೀಡಿಂಗ್ ರಬ್ಬರಿನ ಒಳಗಡೆಗೆ, ಹೊಸ್ತಿಲಿನ ಮೇಲೆ, ಬಿತ್ತು. ಆಮೇಲೆ ಇನ್ನೊಂದು. ಹೊರಗಿನಿಂದ ಬೀಡಿಂಗ್ ಎಷ್ಟೇ ಗಟ್ಟಿಯಾಗಿದ್ದರೇನು, ನೀರು ಅದನ್ನು ದಾಟಿಯೇ ಬಂದಿರಲಿಲ್ಲ.

ಬಾಗಿಲೊಳಗೆ ನೀರು ಹೋಗುವುದು ದೋಷವಲ್ಲ. ಗಾಜು ಇಳಿಯುವ ಸಂದಿನಲ್ಲಿ ರಬ್ಬರ್ ಪಟ್ಟಿ ಇದ್ದರೂ ಮಳೆನೀರು ಒಂದಿಷ್ಟು ಒಳಗೆ ಇಳಿದೇ ಇಳಿಯುತ್ತದೆ, ಬಾಗಿಲ ತಳದ ತೂತುಗಳಿಂದ ಹೊರಗೆ ಹೋಗುತ್ತದೆ. ಕಾರು ಮಾಡುವವರು ಹಾಗೆಂದೇ ಮಾಡಿರುತ್ತಾರೆ. ಆ ನೀರು ಈಚೆ, ನಮ್ಮ ಕಡೆಗೆ ಬಾರದಂತೆ ತಡೆಯುವುದು ಒಳಹಲಗೆಯ ಹಿಂದಿನ ಒಂದು ತೆಳು ಪ್ಲಾಸ್ಟಿಕ್ ಹಾಳೆ. ಸುತ್ತಲೂ ಡಾಂಬರಿನಂಥ ಕಪ್ಪು ಅಂಟು, ಬ್ಯೂಟೈಲ್.

ಹಲಗೆ ಬಿಚ್ಚಿದೆವು. ಮೂರು ಕ್ಲಿಪ್ ಮುರಿದವು, ಮುರಿಯುತ್ತವೆ. ಹಾಳೆಯ ಕೆಳಗಿನ ಕಾಲುಭಾಗ ಚಾಕುವಿನಿಂದ ಸೀಳಿ ಮೇಲಕ್ಕೆ ಮಡಚಿತ್ತು. ಹಿಂದಿನ ದೀಪಾವಳಿಗೆ ಅಂಗಡಿಯೊಂದರಲ್ಲಿ ಹಿಂದಿನ ಬಾಗಿಲಿಗೆ ಸ್ಪೀಕರ್ ಹಾಕಿಸಿದ್ದೆ. ಸ್ಪೀಕರಿಗೆ ಜಾಗ ಮಾಡಲು ಹಾಳೆ ಸೀಳಿದವರು ತಿರುಗಿ ಅಂಟಿಸುವ ಗೋಜಿಗೆ ಹೋಗಿರಲಿಲ್ಲ. ಹಲಗೆ ಹಾಕಿದ ಮೇಲೆ ಯಾರಿಗೆ ಕಾಣಬೇಕು? ಬಲಬಾಗಿಲಲ್ಲಿ ಅದೇ ಕೈ, ಅದೇ ಸೀಳು, ಆದರೆ ಮಡಚಿದ್ದು ಹೇಗೋ ಒಳಮುಖವಾಗಿದ್ದರಿಂದ ನೀರು ಬಾಗಿಲೊಳಗೇ ಬೀಳುತ್ತಿತ್ತು. ಅದೃಷ್ಟ ಎಂದರೆ ಇಷ್ಟೇ ಇರುತ್ತದೆ.

ತಳದ ತೂತುಗಳೂ ಪಾಲುದಾರರು. ಮೂರರಲ್ಲಿ ಎರಡು ಮುಚ್ಚಿದ್ದವು. ನಮ್ಮ ಎರೆಮಣ್ಣು ಗೊತ್ತಲ್ಲ, ಒಮ್ಮೆ ಮೆತ್ತಿಕೊಂಡು ಒಣಗಿದರೆ ಸಿಮೆಂಟು. ಬಿದಿರಿನ ಕಡ್ಡಿ ಚುಚ್ಚಿದಾಗ ಅರ್ಧ ಮಗ್ ಕೆಸರುನೀರು ಸುರಿಯಿತು. ನೀರು ಹೊರಹೋಗದೆ ಬಾಗಿಲಲ್ಲೇ ಏರಿ ಸೀಳಿನ ಮಟ್ಟಕ್ಕೆ ಬರುತ್ತಿತ್ತು.

ರಿಪೇರಿಗೆ ಒಂದು ಗಂಟೆಯೂ ಹಿಡಿಯಲಿಲ್ಲ. ಟಾರ್ಪಾಲ್ ಅಂಗಡಿಯ ದಪ್ಪ ಪಾಲಿಥೀನ್ 60 ರೂಪಾಯಿ, ಬ್ಯೂಟೈಲ್ ಟೇಪ್ 350. ಹಳೇ ಹಾಳೆಯನ್ನೇ ಅಚ್ಚಿಟ್ಟು ಕತ್ತರಿಸಿ ಎರಡೂ ಬಾಗಿಲಿಗೆ ಅಂಟಿಸಿದೆವು. ಇದರಲ್ಲಿ ಒಂದೇ ಸೂಕ್ಷ್ಮ: ಹಾಳೆಯ ಕೆಳ ಅಂಚು ಬಾಗಿಲ ತಗಡಿನ ಒಳಕ್ಕೆ ತೂರಿರಬೇಕು, ಹಂಚಿನ ಅಂಚು ಗೋಡೆಯಿಂದ ಹೊರಚಾಚಿದಂತೆ. ತಗಡಿನ ಮೇಲೆ ಚಪ್ಪಟೆಯಾಗಿ ಅಂಟಿಸಿ ಬಿಟ್ಟರೆ ಹನಿ ಮತ್ತೆ ಈಚೆಗೇ. ಬ್ಯೂಟೈಲ್ ಬೇಗ ಗಟ್ಟಿಯಾಗುವುದಿಲ್ಲ, ನಾಳೆ ಪವರ್ ವಿಂಡೋ ಕೆಟ್ಟರೆ ಎಬ್ಬಿಸಿ ಮತ್ತೆ ಒತ್ತಬಹುದು.

ಒಣಗಿಸುವುದಕ್ಕೆ ಮೂರು ದಿನ ಬೇಕಾಯಿತು. ಬ್ಯಾಟರಿ ಕಳಚಿ, ಎಡಗಡೆಯ ಮುಂದಿನ ಸೀಟು ಇಳಿಸಿ, ಅಡಿಹಾಸಿನ ಮೂರು ತುಂಡು ಹೊರತೆಗೆದೆ. ಅಪ್ಪ ಒಂದು ತುಂಡಿನ ಅಂಚನ್ನು ಬಿಡಿಸಿ ಬೆರಳಲ್ಲಿ ಹೊಸೆದು ನೋಡಿದರು. ಮೂವತ್ತು ವರ್ಷ ಇಲ್ಲಿಯ ಹತ್ತಿ ಗಿರಣಿಯಲ್ಲಿ ದುಡಿದವರು. "ಇದು ಚಿಂದಿ ಹತ್ತಿ, ಹಳೇ ಬಟ್ಟೆ ಹರಿದು ಮಾಡಿದ್ದು" ಎಂದರು. ಸರಿಯೇ, ಕಾರಿನ ಫೆಲ್ಟ್ ಬಹುಪಾಲು ಜವಳಿ ಚಿಂದಿಯದೇ. ಹತ್ತಿಯ ಅಂಡಿಗೆ, ಅಂದರೆ ದೊಡ್ಡ ಮೂಟೆ, ನೆಂದರೆ ಮೇಲೆ ಬಿಸಿಲಿಗೆ ಒಣಗಿ ಬೆಳ್ಳಗೆ ಕಾಣುತ್ತದೆ, ಒಳಗೆ ಕೈ ಹಾಕಿದರೆ ಬಿಸಿ ಹತ್ತಿರುತ್ತದೆ ಎಂದು ಗಿರಣಿಯ ಕಥೆ ಶುರುಮಾಡಿದರು. ಒಣಗಿದ್ದು ನೋಡಲು ತೂಕ ಹಾಕು ಎಂದವರೂ ಅವರೇ. ಗುಜರಿ ಅಂಗಡಿಯ ಕೊಕ್ಕೆ ತಕ್ಕಡಿ ತಂದೆ. ಮೂರೂ ಸೇರಿ 5.8 ಕಿಲೋ. ತಾರಸಿಯಲ್ಲಿ ಇಟ್ಟಿಗೆಗಳ ಮೇಲೆ ಎತ್ತಿಟ್ಟು, ಸಂಜೆ ಇಬ್ಬನಿಗೆ ಮೊದಲೇ ಒಳಗೆ ತಂದು, ಮೊದಲ ದಿನಕ್ಕೆ 3.9. ಅಂದು ಮುಟ್ಟಿದರೆ ಒಣಗಿದೆ ಎಂದೇ ಹೇಳುತ್ತಿದ್ದೆ. ಎರಡನೇ ದಿನ 2.6. ಮೂರನೇ ದಿನ 2.4, ಆಮೇಲೆ ಇಳಿಯಲಿಲ್ಲ. ಹತ್ತಿರ ಹತ್ತಿರ ಮೂರೂವರೆ ಲೀಟರ್ ನೀರನ್ನು ಮೇ ತಿಂಗಳಿಂದ ಹೊತ್ತು ತಿರುಗಿದ್ದೆ.

ಕಾರಿನೊಳಗೆ ತಗಡಿನ ಬೆಸುಗೆಯ ಅಂಚಿನಲ್ಲಿ ಎರಡು ಕಡೆ ತುಕ್ಕಿನ ಕಲೆ ಮೂಡಿತ್ತು. ಕೆರೆದು ಪ್ರೈಮರ್ ಹಚ್ಚಿದೆ. ಕಾರ್ಪೆಟ್ಟಿನ ಬೂಷ್ಟು ಹಿಡಿದ ಜಾಗಕ್ಕೆ ಸೋಪಿನ ನೀರು, ಬ್ರಷ್ಷು, ಟೇಬಲ್ ಫ್ಯಾನು. ಈ ನಾಲ್ಕು ತಿಂಗಳಲ್ಲಿ ವಾಸನೆಗೆಂದು ಕರ್ಪೂರ, ಕಾಫಿಪುಡಿ, ನಿಂಬೆ ವಾಸನೆಯ ಬಾಟಲಿ ಎಲ್ಲ ಇಟ್ಟಿದ್ದೆವು. ಕಾರು ಮುಗ್ಗಲು ಹಿಡಿದ ದೇವಸ್ಥಾನದಂತೆ ನಾರುತ್ತಿತ್ತೇ ಹೊರತು ಮುಗ್ಗಲು ಹೋಗಿರಲಿಲ್ಲ. ಫೆಲ್ಟ್ ಒಣಗಿ ಕ್ಯಾಬಿನ್ ಫಿಲ್ಟರ್ ಬದಲಾದ ಮೇಲೆ ವಾರದಲ್ಲಿ ತಾನಾಗಿ ಹೋಯಿತು.

ಆಮೇಲೆ ಅಕ್ಟೋಬರಿನಲ್ಲಿ ಎರಡು ರಾತ್ರಿ ಜೋರು ಮಳೆಯಾಯಿತು. ಎರಡೂ ಸಲ ಮೊದಲೇ ಕಾರ್ಪೆಟ್ಟಿನಡಿ ಮುಂದೊಂದು ಹಿಂದೊಂದು ಹಳೇ ಪೇಪರಿನ ಹಾಳೆ ಮಡಚಿ ಇಟ್ಟಿದ್ದೆ. ಬೆಳಿಗ್ಗೆ ತೆಗೆದರೆ ಹಪ್ಪಳದಂತೆ ಗರಿಗರಿ. ಖಾಲಿ ಸೀಟಿಗೆ ಬೆಲ್ಟ್ ಹಾಕೆನ್ನುವ ಕುಂಯ್‌ಗುಡುವಿಕೆಯೂ ನಿಂತಿದೆ. ಎಸಿ ಪೈಪಿನ ಬಾಯನ್ನು ಈಗ ಪ್ರತಿ ಯುಗಾದಿಗೆ ಇಣುಕಿ ನೋಡುವುದೆಂದು ಗೊತ್ತುಮಾಡಿಕೊಂಡಿದ್ದೇನೆ, ಕಡಜಗಳ ಕಾಲ ಶುರುವಾಗುವ ಮುನ್ನ.

ಮುಂದಿನ ಗಾಜಿನ ಸುತ್ತ ಎಳೆದ ಸಿಲಿಕೋನ್ ಗೆರೆ ಮಾತ್ರ ಹಾಗೇ ಇದೆ. ಕೆರೆದರೆ ಬಣ್ಣ ಏಳುವ ಭಯ. ದಿನಾ ಸ್ಟೀರಿಂಗ್ ಹಿಡಿದಾಗ ಕಣ್ಣೆದುರೇ ಕಾಣುತ್ತದೆ, ಸ್ವಲ್ಪ ಅಂಕುಡೊಂಕಾಗಿ. ಅಪ್ಪ ಪಕ್ಕದಲ್ಲಿ ಕೂತಾಗಲೆಲ್ಲ ಅದರ ಮೇಲೆ ಬೆರಳಾಡಿಸಿ, 1,200 ಎನ್ನುತ್ತಾರೆ.